ತೋಟ-ಗದ್ದೆಯ ಮಣ್ಣಿನಲ್ಲಿ ಇಂಗಾಲ ಉಳಿಸುವುದು: ಕರಾವಳಿಯ ಕೃಷಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಈಗ ನಾಲ್ಕು ಜನ ಕೃಷಿಕರು ಸೇರಿದರೆ ಅಡಿಕೆ ಧಾರಣೆ, ಎಲೆಚುಕ್ಕಿ ರೋಗದ ಜೊತೆಗೆ ಕಾರ್ಬನ್ ಎಂಬ ಮಾತೂ ಬರುತ್ತದೆ. ಮಣ್ಣಿನಲ್ಲಿ ಇಂಗಾಲ ಕೂಡಿಟ್ಟರೆ ದುಡ್ಡು ಬರುತ್ತದಂತೆ, ಹೌದಾ ಎಂದು ಕೇಳುವವರಿದ್ದಾರೆ. ಇದೆಲ್ಲ ನಮಗಲ್ಲ ಎಂದು ಬಿಟ್ಟುಬಿಡುವವರೂ ಇದ್ದಾರೆ. ಓದಲು ಸಿಗುವ ಹೆಚ್ಚಿನ ಮಾಹಿತಿ ದೂರದ ಗೋಧಿ ಹೊಲಕ್ಕೋ ಜೋಳದ ಹೊಲಕ್ಕೋ ಬರೆದದ್ದು. ನಮ್ಮ ಮಳೆ ಬೇರೆ, ಮಣ್ಣು ಬೇರೆ, ಅಡಿಕೆ ತೋಟದ ಲೆಕ್ಕವೇ ಬೇರೆ. ಅದಕ್ಕೇ ಇಲ್ಲಿಯ ಪ್ರಶ್ನೆಗಳಿಗೆ ಇಲ್ಲಿಯ ಉತ್ತರ.

ಮಣ್ಣಿನ ಇಂಗಾಲ ಅಂದರೆ ಏನು? ಅದು ಅಲ್ಲಿಗೆ ಹೇಗೆ ಬಂತು?

ಗಿಡ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ತೆಗೆದುಕೊಂಡು ಎಲೆ, ಕಾಂಡ, ಬೇರು ಮಾಡಿಕೊಳ್ಳುತ್ತದೆ. ಎಲೆ ಉದುರುತ್ತದೆ, ಬೇರು ಸಾಯುತ್ತದೆ. ಅದನ್ನು ಎರೆಹುಳು, ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾ ತಿನ್ನುತ್ತವೆ. ತಿಂದದ್ದರಲ್ಲಿ ಹೆಚ್ಚಿನ ಪಾಲು ಅವುಗಳ ಉಸಿರಿನಲ್ಲಿ ಮತ್ತೆ ಗಾಳಿಗೆ ಹೋಗುತ್ತದೆ. ಸ್ವಲ್ಪ ಪಾಲು ಮಾತ್ರ ಮಣ್ಣಿನ ಕಣಕ್ಕೆ ಅಂಟಿಕೊಂಡು ಉಳಿಯುತ್ತದೆ. ಹಳೆಯ ತೋಟದ ಮೇಲ್ಮಣ್ಣು ಕಪ್ಪಾಗಿ, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ ಇರುತ್ತದಲ್ಲ, ಅದು ಇದರಿಂದಲೇ. ಹೀಗೆ ಉಳಿದದ್ದಕ್ಕೇ ಮಣ್ಣಿನ ಸಾವಯವ ಅಂಶ ಎನ್ನುವುದು, ಅದರಲ್ಲಿ ಸುಮಾರು ಶೇ. 58 ಇಂಗಾಲ ಎಂದು ಪ್ರಯೋಗಾಲಯಗಳು ಹಿಡಿಯುತ್ತವೆ.

ಇಡೀ ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಇಂಗಾಲ ಇದೆ. ಗಾಳಿಯಲ್ಲಿ ಇರುವುದಕ್ಕಿಂತ ಇದು ಒಂದೂವರೆ ಪಟ್ಟಿಗೂ ಜಾಸ್ತಿ. ಅದಕ್ಕೇ ಹವಾಮಾನದ ಮಾತು ಬಂದಾಗ ಎಲ್ಲರ ಕಣ್ಣೂ ಮಣ್ಣಿನ ಮೇಲೆ ಬೀಳುವುದು.

ನಮ್ಮ ಕರಾವಳಿಗೆ ಇದು ಯಾಕೆ ಅಷ್ಟು ಮುಖ್ಯ?

ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು, ಜೊತೆಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಸಾವಿರಾರು ವರ್ಷದಿಂದ ಈ ಮಳೆ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಕಳಿಸಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಪೋಷಕಾಂಶ ಹಿಡಿದಿಡಲು ಅಷ್ಟೇನೂ ಶಕ್ತಿ ಇಲ್ಲದ ಒಂದು ಜಾತಿಯ ಜೇಡಿ. ಘಟ್ಟದ ಮೇಲಿನ ಕಪ್ಪು ಎರೆಮಣ್ಣಿನಲ್ಲಿ ಜೇಡಿಯೇ ಗೊಬ್ಬರವನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಆ ಕೆಲಸದ ಹೆಚ್ಚಿನ ಭಾಗ ಸಾವಯವ ಅಂಶವೇ ಮಾಡಬೇಕು. ಅದು ಕಡಿಮೆಯಾದರೆ ನೀವು ಜೂನ್‌ನಲ್ಲಿ ಹಾಕಿದ ಪೊಟ್ಯಾಶ್ ಜುಲೈಯಲ್ಲಿ ತೋಡಿನಲ್ಲಿ ಇರುತ್ತದೆ.

ರಂಜಕದ ಕಥೆಯೂ ಇದೇ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಬಿಡುತ್ತವೆ, ಗಿಡಕ್ಕೆ ಕೊಡುವುದಿಲ್ಲ. ಸಾವಯವ ಅಂಶ ಆ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ. ಹಾಗಾಗಿ ಜಗತ್ತಿನ ಹವಾಮಾನ ಪಕ್ಕಕ್ಕಿರಲಿ, ನಿಮ್ಮ ಗೊಬ್ಬರದ ಖರ್ಚಿನ ಲೆಕ್ಕದಲ್ಲೇ ಇಂಗಾಲ ದೊಡ್ಡ ವಿಷಯ.

ಇಷ್ಟು ಹಸಿರಿರುವ ಊರು ನಮ್ಮದು. ಇಂಗಾಲ ತಾನಾಗಿಯೇ ಜಾಸ್ತಿ ಇರಬೇಕಲ್ವಾ?

ಹುಟ್ಟುವುದೂ ಜಾಸ್ತಿ, ಕರಗುವುದೂ ಜಾಸ್ತಿ. ವರ್ಷವಿಡೀ ಬಿಸಿ, ಆರು ತಿಂಗಳು ಒದ್ದೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕಾ? ಯುರೋಪಿನ ಚಳಿಯಲ್ಲಿ ನಿಧಾನವಾಗಿ ಕೊಳೆಯುವ ಎಲೆ ನಮ್ಮಲ್ಲಿ ಒಂದೆರಡು ಮಳೆಗಾಲದಲ್ಲಿ ಇಲ್ಲವಾಗುತ್ತದೆ. ನಮ್ಮ ಪುಣ್ಯಕ್ಕೆ ಅದೇ ಕಬ್ಬಿಣ, ಅಲ್ಯೂಮಿನಿಯಂ ಇಂಗಾಲವನ್ನೂ ಹಿಡಿದುಕೊಳ್ಳುತ್ತವೆ. ಹೀಗಾಗಿ ಮರ ಇದ್ದು, ಎಲೆ ಬಿದ್ದು, ಮಣ್ಣು ಕದಡದೆ ಇರುವ ಕಡೆ ಇಂಗಾಲ ಚೆನ್ನಾಗಿಯೇ ಇರುತ್ತದೆ. ಅದೇ ಜಾಗವನ್ನು ಬೋಳು ಮಾಡಿದರೆ ಇಳಿಯುವುದೂ ಬಹಳ ಬೇಗ.

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂದು ಬರೆದಿರುತ್ತಾರೆ. ಅದು ಇಡೀ ದೇಶಕ್ಕೆ, ಗೊಬ್ಬರದ ಶಿಫಾರಸಿಗಾಗಿ ಮಾಡಿದ ಅಳತೆ. ಕಾರ್ಡಿನಲ್ಲಿ ಹೆಚ್ಚು ಎಂದು ಬಂದ ಮಾತ್ರಕ್ಕೆ ಇನ್ನು ಸೋಗೆ, ಸೊಪ್ಪು ಹಾಕುವುದು ಬೇಡ ಎಂದು ಅರ್ಥವಲ್ಲ.

ಶೇ. 0.1 ಹೆಚ್ಚಾದರೆ ಎಷ್ಟು ಇಂಗಾಲ ಸೇರಿದ ಹಾಗೆ?

ಲೆಕ್ಕ ಸುಲಭ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 600 ಘನ ಮೀಟರ್, ತೂಕ ಹತ್ತಿರ ಹತ್ತಿರ 800 ಟನ್. ಅದರ ಶೇ. 0.1 ಅಂದರೆ 800 ಕಿಲೋ ಇಂಗಾಲ. ಒಂದು ಟನ್ ಇಂಗಾಲ ಗಾಳಿಯಲ್ಲಿದ್ದರೆ 3.67 ಟನ್ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಅಂದರೆ ನೀವು ಸುಮಾರು 2.9 ಟನ್ ಡೈ ಆಕ್ಸೈಡನ್ನು ಗಾಳಿಯಿಂದ ಇಳಿಸಿದ ಹಾಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಬರುತ್ತದೆ, ಆ ಲೆಕ್ಕದಲ್ಲಿ ಇದು 1,200 ಲೀಟರಿಗೂ ಹೆಚ್ಚು ಪೆಟ್ರೋಲಿನ ಹೊಗೆ.

ಕಲ್ಲು ಜಾಸ್ತಿ ಇರುವ ಗುಡ್ಡೆ ಜಾಗದಲ್ಲಿ ಈ ಲೆಕ್ಕ ಕಡಿಮೆಯಾಗುತ್ತದೆ. ಯಾಕೆ ಎಂದು ಅಳತೆಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ಅಷ್ಟು ಹೆಚ್ಚಾಗಲು ಎಷ್ಟು ವರ್ಷ ಬೇಕು?

ಒಂದು ಎಕರೆ ಅಡಿಕೆ ತೋಟ ತೆಗೆದುಕೊಳ್ಳಿ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಸುಮಾರು 550 ಮರ. ಸೋಗೆ, ಹಾಳೆ, ಸಿಪ್ಪೆ, ಗೊನೆಯ ಕಸ ಎಲ್ಲ ಸೇರಿ ವರ್ಷಕ್ಕೆ ಒಣ ತೂಕದಲ್ಲಿ ಎರಡು ಟನ್ನಿನ ಆಸುಪಾಸು ಸಿಗುತ್ತದೆ. ಅದರಲ್ಲಿ ಇಂಗಾಲ 900 ಕಿಲೋ ಎಂದಿಟ್ಟುಕೊಳ್ಳಿ. ಕೊಳೆತು, ತಿಂದು, ಉಸಿರಾಡಿ ಮುಗಿದ ಮೇಲೆ ಹತ್ತರಲ್ಲಿ ಒಂದು ಪಾಲು ಉಳಿದರೆ 90 ಕಿಲೋ. ಹೀಗೆ ನೋಡಿದರೆ ಶೇ. 0.1 ಏರಲು ಎಂಟೊಂಬತ್ತು ವರ್ಷ ಬೇಕು. ಅದೂ ಇರುವ ಇಂಗಾಲ ಕರಗದಿದ್ದರೆ.

ಮೂರು ವರ್ಷದಲ್ಲಿ ಎರಡು ಪಟ್ಟು ಮಾಡಿಕೊಡುತ್ತೇವೆ ಎಂದು ಯಾರಾದರೂ ಬಾಟಲಿ ಹಿಡಿದು ಬಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಪ್ರಯೋಗ ನಡೆಯುತ್ತಿದೆ. ಅಲ್ಲಿ ವರ್ಷ ವರ್ಷ ಹೆಕ್ಟೇರಿಗೆ 35 ಟನ್ ಹಟ್ಟಿಗೊಬ್ಬರ ಹಾಕಿದ ತುಂಡಿನಲ್ಲಿ ಇಂಗಾಲ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದರೆ ಮೊದಲ ಕೆಲವು ದಶಕ ಚೆನ್ನಾಗಿ ಏರಿ ಆಮೇಲೆ ನಿಧಾನವಾಯಿತು. ಮಣ್ಣಿಗೂ ಒಂದು ಮಿತಿ ಇದೆ. ಇನ್ನೊಂದು ಹೊಲದಲ್ಲಿ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ದಾಟಿದ ಮೇಲೂ ಅಲ್ಲಿಯ ಮಣ್ಣಿನಲ್ಲಿ ಅದರ ಗುರುತು ಉಳಿದಿತ್ತು. ಅದು ಚಳಿ ದೇಶ ಎಂಬುದು ನೆನಪಿರಲಿ, ನಮ್ಮಲ್ಲಿ ಹಾಕುವುದನ್ನು ನಿಲ್ಲಿಸಿದರೆ ಇಳಿಯುವುದು ಇನ್ನೂ ಬೇಗ.

ಹಾಗಾದರೆ ಮೊದಲು ಏನು ಮಾಡಬೇಕು?

ಇರುವುದನ್ನು ಕಳೆದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಈ ಇಡೀ ಪುಟದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಮೇಲಿನ ಲೆಕ್ಕ ನೋಡಿದಿರಲ್ಲ, ಹತ್ತು ವರ್ಷ ಸೋಗೆ ಹಾಸಿ ಗಳಿಸಿದ್ದನ್ನು ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಸೋರುವ ಜಾಗ ಮುಚ್ಚದೆ ಗೊಬ್ಬರ ಸುರಿಯುವುದು ತೂತು ಕೊಡಪಾನಕ್ಕೆ ನೀರು ತುಂಬಿದ ಹಾಗೆ.

ನಮ್ಮಲ್ಲಿ ದೊಡ್ಡ ಸೋರಿಕೆ ಮೂರು ಕಡೆ. ಒಂದು, ಗುಡ್ಡೆ ಕಡಿದು ತಟ್ಟು ಮಾಡುವುದು. ಅಡಿಕೆ ಇಡಲು ಇಳಿಜಾರನ್ನು ಕಡಿದು ಮಟ್ಟ ಮಾಡುವಾಗ ಮೇಲಿನ ಒಂದಡಿ ಕಪ್ಪು ಮಣ್ಣು ಕೆಳಗೆ ಹೂತು ಹೋಗುತ್ತದೆ ಅಥವಾ ಬದಿಗೆ ಬಿದ್ದು ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಹಳದಿ-ಕೆಂಪು ಕಲ್ಲುಮಣ್ಣು. ಅದರ ಮೇಲೆ ಸಸಿ ಇಟ್ಟು, ಬರುತ್ತಿಲ್ಲ ಎಂದು ಗೊಬ್ಬರಕ್ಕೆ ಖರ್ಚು ಮಾಡುತ್ತೇವೆ. ಕಡಿಯಲೇಬೇಕು ಎಂದಾದರೆ ಮೇಲ್ಮಣ್ಣನ್ನು ಮೊದಲು ಬೇರೆ ಕಡೆ ರಾಶಿ ಹಾಕಿಸಿ, ಮಟ್ಟ ಮಾಡಿದ ಮೇಲೆ ಅದನ್ನೇ ವಾಪಸ್ ಹರಡಿಸಿ. ಒಂದೆರಡು ಗಂಟೆಯ ಬಾಡಿಗೆ ಜಾಸ್ತಿ ಆಗಬಹುದು, ಆಗಲಿ.

ಎರಡು, ಕೆಂಪು ನೀರು. ಜೂನ್ ಮೊದಲ ಜೋರು ಮಳೆಗೆ ನೇತ್ರಾವತಿ, ಫಲ್ಗುಣಿ, ಸ್ವರ್ಣಾ ಎಲ್ಲ ಕೆಂಪಾಗುವುದನ್ನು ನೋಡಿದ್ದೀರಿ. ಅದು ಯಾರದೋ ತೋಟದ ಮೇಲ್ಮಣ್ಣು. ಇಂಗಾಲ ಹೆಚ್ಚಿರುವುದು ಮೇಲಿನ ಪದರದಲ್ಲೇ, ಹಾಗಾಗಿ ಮೊದಲು ಹೋಗುವುದೂ ಅದೇ. ಮೇ ಕೊನೆಯ ಹೊತ್ತಿಗೆ ನೆಲ ಬೋಳಾಗಿರಬಾರದು. ಸೋಗೆ ಇರಲಿ, ತರಗೆಲೆ ಇರಲಿ, ಹುಲ್ಲೇ ಇರಲಿ, ಏನಾದರೂ ಮುಚ್ಚಿರಬೇಕು. ಕಳೆನಾಶಕ ಹೊಡೆದು ಅಂಗಳದ ಹಾಗೆ ಚೊಕ್ಕ ಮಾಡಿದ ತೋಟ ನೋಡಲು ಚಂದ, ಆದರೆ ಮೊದಲ ಮಳೆಗೆ ಅಲ್ಲಿಂದ ಹೋಗುವ ಮಣ್ಣು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಂತ್ರದಲ್ಲಿ ಹುಲ್ಲು ಕತ್ತರಿಸಿ ಅಲ್ಲೇ ಬಿಡಿ, ಬೇರು ಮಣ್ಣನ್ನು ಹಿಡಿದಿರುತ್ತದೆ.

ಮೂರು, ಬೆಂಕಿ. ಬೇಸಿಗೆಯಲ್ಲಿ ಮುಳಿಹುಲ್ಲಿನ ಗುಡ್ಡೆಗೆ, ತರಗೆಲೆ ರಾಶಿಗೆ ಸುಮ್ನೆ ಬೆಂಕಿ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಗೇರು ತೋಟದಲ್ಲಿ ಬೀಜ ಹೆಕ್ಕಲು ಸುಲಭ ಎಂದು ಎಲೆ ಸುಡುವವರಿದ್ದಾರೆ. ಬೀಜ ಸಿಗುತ್ತದೆ, ಸರಿ. ಮುಂದಿನ ವರ್ಷದ ಗೊಬ್ಬರ ಹೊಗೆಯಾಗಿ ಹೋಗುತ್ತದೆ. ಎಲೆಯನ್ನು ಗುಡಿಸಿ ಬುಡಕ್ಕೆ ಹಾಕಿದರೆ ಎರಡೂ ಆಗುತ್ತದೆ.

ಸೋಗೆ, ಹಾಳೆ, ತೆಂಗಿನ ಮಡಲು: ಇವನ್ನು ಹೇಗೆ ಹಾಕುವುದು?

ತುಂಡು ಮಾಡಿ ಎರಡು ಸಾಲಿನ ನಡುವೆ ಹಾಸಿ. ಬುಡಕ್ಕೆ ತಾಗಿಸಿ ರಾಶಿ ಮಾಡಬೇಡಿ. ನೀರು ಹರಿಯುವ ಕಣಿಯನ್ನು ಮುಚ್ಚಬೇಡಿ, ಮಳೆಗಾಲದಲ್ಲಿ ನೀರು ನಿಂತರೆ ಅಡಿಕೆಯ ಬೇರಿಗೆ ತೊಂದರೆ. ತೆಂಗಿನ ಸಿಪ್ಪೆಯನ್ನು ಬುಡದ ಸುತ್ತ ತೋಡಿದ ಗುಂಡಿಯಲ್ಲಿ ಮಣ್ಣಿನೊಳಗೆ ಹೂಳುವ ಹಳೆಯ ಪದ್ಧತಿ ಬಹಳ ಒಳ್ಳೆಯದು.

ರೋಗದ ವಿಷಯದಲ್ಲಿ ಜಾಗ್ರತೆ ಬೇಕು. ಎಲೆಚುಕ್ಕಿ ಜೋರಾಗಿ ತಗಲಿದ ಸೋಗೆಯನ್ನು ತೆಗೆದು ಸುಡಿ ಎನ್ನುವುದೇ ತಜ್ಞರ ಸಲಹೆ. ಕೊಳೆರೋಗಕ್ಕೆ ಬಿದ್ದ ಕಾಯಿಗೂ ಹಾಗೆಯೇ. ಅಲ್ಲಿ ಇಂಗಾಲದ ಲೆಕ್ಕ ನೋಡಬೇಡಿ, ಮರ ಉಳಿದರೆ ತಾನೇ ಮುಂದಿನ ಸೋಗೆ. ಗೊಬ್ಬರದ ಗುಂಡಿಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳು ಮರಿ ಮಾಡುತ್ತದೆ, ಅದಕ್ಕೆ ಮೆಟಾರೈಜಿಯಂ ಎಂಬ ಶಿಲೀಂಧ್ರ ಬೆರೆಸುವ ವಿಧಾನ ಇದೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣದ ಬಗ್ಗೆಯೂ ಒಂದು ಮಾತು. ವರ್ಷ ವರ್ಷ ಸಿಂಪಡಿಸಿದಲ್ಲಿ ಮೈಲುತುತ್ತಿನ ತಾಮ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ, ಅದು ಜಾಸ್ತಿಯಾದರೆ ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ಕಷ್ಟ. ಸಾವಯವ ಅಂಶ ಚೆನ್ನಾಗಿದ್ದರೆ ಅದು ತಾಮ್ರವನ್ನು ಕಟ್ಟಿಹಾಕಿ ತೊಂದರೆ ಕಡಿಮೆ ಮಾಡುತ್ತದೆ. ಬೋರ್ಡೋ ಬಿಡುವ ಹಾಗಿಲ್ಲದ ನಮಗೆ ಸೋಗೆ ಹಾಸಲು ಇದೂ ಒಂದು ಕಾರಣ.

ಹಾಗೇ ಹಾಕುವುದು ಒಳ್ಳೆಯದೋ, ಕಾಂಪೋಸ್ಟ್ ಮಾಡಿ ಹಾಕುವುದೋ?

ಇಂಗಾಲದ ಲೆಕ್ಕಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಕೊಳೆಯುವುದು ಗುಂಡಿಯಲ್ಲಾದರೂ ಅಷ್ಟೇ, ತೋಟದಲ್ಲಾದರೂ ಅಷ್ಟೇ. ಹಾಗೇ ಹಾಸಿದರೆ ನೆಲ ಮುಚ್ಚುತ್ತದೆ, ಕೂಲಿ ಉಳಿಯುತ್ತದೆ. ಕಾಂಪೋಸ್ಟ್ ಮಾಡಿದರೆ ಗಿಡಕ್ಕೆ ಗೊಬ್ಬರ ಬೇಗ ಸಿಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನೂ ತಿನ್ನುವ ಎರೆಹುಳುವಿನಿಂದ ಗೊಬ್ಬರ ಮಾಡುವ ವಿಧಾನ ಕೊಟ್ಟಿದೆ. ಆಳು ಸಿಕ್ಕಿದರೆ ಸ್ವಲ್ಪ ಅದು, ಉಳಿದದ್ದೆಲ್ಲ ನೆಲಕ್ಕೆ ಹಾಸಲು.

ಜೀವಾಮೃತ ಕೊಟ್ಟರೆ ಇಂಗಾಲ ಏರುತ್ತದಾ?

ಕೊಡುವವರ ಶ್ರದ್ಧೆಯ ಬಗ್ಗೆ ನನಗೆ ಗೌರವ ಇದೆ. ಆದರೆ ತೂಕ ಹಾಕಿ ನೋಡೋಣ. ಎಕರೆಗೆ 200 ಲೀಟರ್ ನೀರು, ಅದರಲ್ಲಿ ಹತ್ತು ಕಿಲೋ ಸೆಗಣಿ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಹಿಟ್ಟು. ಸೆಗಣಿಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಎಲ್ಲ ಸೇರಿ ಮೂರು ಕಿಲೋ ಇಂಗಾಲವೂ ಆಗುವುದಿಲ್ಲ. ತಿಂಗಳಿಗೊಮ್ಮೆ ಕೊಟ್ಟರೂ ವರ್ಷಕ್ಕೆ ಮೂವತ್ತು ಚಿಲ್ಲರೆ ಕಿಲೋ. ತೋಟದ ಸೋಗೆಯಿಂದ ಬರುವುದು 900 ಕಿಲೋ. ಜೀವಾಮೃತ ಕೊಡಿ, ಬೇಡ ಎನ್ನುವುದಿಲ್ಲ. ಅದನ್ನು ಕೊಡುತ್ತಿದ್ದೇನೆ ಎಂದು ಸೋಗೆಯನ್ನು ಹೊರಗೆ ಸಾಗಿಸಬೇಡಿ.

ಘಟ್ಟದ ಮೇಲಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸಿ ಹಾಕಿದರೆ?

ನಿಮ್ಮ ಮಣ್ಣಿಗೆ ಒಳ್ಳೆಯದೇ. ಆದರೆ ಅದು ಇನ್ನೊಬ್ಬರ ಹೊಲದಲ್ಲಿ ಸೇರಬೇಕಾಗಿದ್ದ ಇಂಗಾಲ. ಜಾಗ ಬದಲಾಯಿತು ಅಷ್ಟೇ, ಗಾಳಿಯಿಂದ ಹೊಸದಾಗಿ ಇಳಿದದ್ದಲ್ಲ. ಹಿಂದೆ ಕುಮ್ಕಿ ಜಾಗದ, ಅಂದರೆ ಕೃಷಿಭೂಮಿಗೆ ತಾಗಿದ ಸರಕಾರಿ ಜಾಗದ ಸೊಪ್ಪು, ತರಗೆಲೆ ತಂದು ಹಟ್ಟಿಗೆ ಹಾಕಿ ಗೊಬ್ಬರ ಮಾಡುತ್ತಿದ್ದದ್ದೂ ಹೀಗೆಯೇ, ಗುಡ್ಡೆಯ ಇಂಗಾಲ ತೋಟಕ್ಕೆ ಬರುತ್ತಿತ್ತು. ಗುಡ್ಡೆಯಲ್ಲಿ ಕಾಡು ಚೆನ್ನಾಗಿದ್ದಷ್ಟು ದಿನ ಅದು ನಡೆಯಿತು. ಈಗ ಹೊಸದಾಗಿ ಇಂಗಾಲ ಬೇಕೆಂದರೆ ನಿಮ್ಮ ಜಾಗದಲ್ಲೇ ಹಸಿರು ಜಾಸ್ತಿ ಬೆಳೆಯಬೇಕು. ಬೇಲಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸೀಡಿಯಾ, ನೆಟ್ಟು ಸೊಪ್ಪು ಕಡಿದು ಹಾಕಿ. ಅಡಿಕೆಯ ನಡುವೆ ಕಾಳುಮೆಣಸು, ಕೊಕ್ಕೋ, ಬಾಳೆ ಇರಲಿ. ಕೊಕ್ಕೋದ ಹಾಗೆ ಎಲೆ ಉದುರಿಸುವ ಗಿಡ ಮತ್ತೊಂದಿಲ್ಲ.

ರಾಸಾಯನಿಕ ಗೊಬ್ಬರ ಹಾಕಿದರೆ ಇಂಗಾಲ ಸತ್ತುಹೋಗುತ್ತದೆ ಅನ್ನುತ್ತಾರಲ್ಲ?

ಅಷ್ಟು ನೇರವಾಗಿಲ್ಲ. ಮಣ್ಣಿನ ಸಾವಯವ ಅಂಶದಲ್ಲಿ ಹತ್ತು-ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದೇ ಇರುತ್ತದೆ. ಅಂದರೆ ಒಂದು ಟನ್ ಇಂಗಾಲ ಮಣ್ಣಿನಲ್ಲಿ ನೆಲೆ ನಿಲ್ಲಲು 80ರಿಂದ 100 ಕಿಲೋ ಸಾರಜನಕ ಬೇಕು. ಅದು ಎಲ್ಲಿಂದಲಾದರೂ ಬರಬೇಕು. ಗೊಬ್ಬರದ ಗಿಡ, ಡೈಂಚ, ಅಲಸಂದೆಯಿಂದ ಬಂದರೆ ಬಹಳ ಒಳ್ಳೆಯದು. ಹದವಾಗಿ ಯೂರಿಯಾ ಹಾಕಿ ಬೆಳೆ ಚೆನ್ನಾಗಿ ಬಂದು ಬೇರು, ಎಲೆ ಜಾಸ್ತಿಯಾದರೆ ಇಂಗಾಲಕ್ಕೂ ಸಹಾಯವೇ. ಇಂಗಾಲ ಇಳಿಯುವುದು ಚೀಲದ ಗೊಬ್ಬರ ಮಾತ್ರ ಹಾಕಿ ಕಸವನ್ನೆಲ್ಲ ಹೊರಗೆ ಸಾಗಿಸಿದಾಗ.

ಬೇಕಾದದ್ದಕ್ಕಿಂತ ಜಾಸ್ತಿ ಯೂರಿಯಾ ಹಾಕಿದರೆ ಬೇರೆ ತೊಂದರೆ ಇದೆ. ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಿಲೋಗೆ ಕಿಲೋ ಇಂಗಾಲದ ಡೈ ಆಕ್ಸೈಡಿನ 273 ಪಟ್ಟು ಬಿಸಿ ಹಿಡಿಯುತ್ತದೆ. ಕಷ್ಟಪಟ್ಟು ಕೂಡಿಟ್ಟ ಇಂಗಾಲದ ಲಾಭವನ್ನು ಅದು ತಿಂದುಬಿಡಬಹುದು.

ಸುಣ್ಣ?

ಪರೀಕ್ಷೆ ಮಾಡಿಸಿ ಬೇಕಾದಷ್ಟು ಹಾಕಿ. ಸುಣ್ಣ ಕರಗುವಾಗ ಸ್ವಲ್ಪ ಡೈ ಆಕ್ಸೈಡ್ ಹೊರಡುತ್ತದೆ, ನಿಜ. ಆದರೆ ಹುಳಿ ಮಣ್ಣಿನಲ್ಲಿ ಬೇರೇ ಇಳಿಯದಿದ್ದರೆ ಇಂಗಾಲ ಬರುವುದಾದರೂ ಎಲ್ಲಿಂದ?

ಭತ್ತದ ಗದ್ದೆ ಮೀಥೇನ್ ಬಿಡುತ್ತದಂತೆ. ಹಾಗಾದರೆ ಗದ್ದೆ ಕೆಟ್ಟದ್ದಾ?

ಈ ಪ್ರಶ್ನೆಗೆ ಎರಡೂ ಬದಿ ನೋಡಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲ, ಕೊಳೆಯುವುದು ನಿಧಾನ. ಹಾಗಾಗಿ ಗದ್ದೆ ಮಣ್ಣಿನಲ್ಲಿ ಸಾಮಾನ್ಯವಾಗಿ ಒಣ ಹೊಲಕ್ಕಿಂತ ಇಂಗಾಲ ಹೆಚ್ಚು ಉಳಿಯುತ್ತದೆ. ಆದರೆ ಅದೇ ಗಾಳಿ ಇಲ್ಲದ ಕೆಸರಿನಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಸುಮಾರು 27 ಪಟ್ಟು ಬಲದ ಅನಿಲ.

ನಡುನಡುವೆ ನೀರು ಇಳಿಸಿ ಮತ್ತೆ ಕಟ್ಟಿದರೆ ಮೀಥೇನ್ ಬಹಳ ಕಡಿಮೆಯಾಗುತ್ತದೆ, ಅರ್ಧದ ಹತ್ತಿರಕ್ಕೂ ಇಳಿಯಬಹುದು. ಪಂಜಾಬಿನಲ್ಲಿ ಪಂಪು ನಿಲ್ಲಿಸಿದರೆ ಆಯಿತು. ನಮ್ಮ ತಗ್ಗಿನ ಬೈಲು ಗದ್ದೆಯಲ್ಲಿ ಜುಲೈ ತಿಂಗಳಲ್ಲಿ ನೀರು ಇಳಿಸಿ ಎಂದರೆ ಎಲ್ಲಿಗೆ ಇಳಿಸುವುದು? ಸುತ್ತ ಎಲ್ಲ ನೀರೇ. ಎತ್ತರದ ಬೆಟ್ಟು ಮತ್ತು ನಡುಮಟ್ಟದ ಮಜಲು ಗದ್ದೆಯಲ್ಲಿ ಇದು ಸಾಧ್ಯ, ಮಳೆಗಾಲ ಮುಗಿದ ಮೇಲಿನ ಸುಗ್ಗಿ ಮತ್ತು ಬೇಸಿಗೆಯ ಕೊಳಕೆ ಬೆಳೆಯಲ್ಲೂ ಸಾಧ್ಯ, ಮಳೆಗಾಲದ ಏಣೇಲು ಬೆಳೆಯ ಬೈಲಿನಲ್ಲಿ ಕಷ್ಟ. ಅಲ್ಲಿ ನಮ್ಮ ಕೈಯಲ್ಲಿರುವುದು ಹಸಿ ಹುಲ್ಲು, ಹಸಿ ಸೆಗಣಿಯನ್ನು ನೇಜಿ (ಭತ್ತದ ಸಸಿ) ನೆಡುವ ಮುಂಚೆ ಕೆಸರಿಗೆ ಹಾಕದಿರುವುದು. ಚೆನ್ನಾಗಿ ಕೊಳೆತ ಗೊಬ್ಬರ ಹಾಕಿದರೆ ಮೀಥೇನ್ ಕಡಿಮೆ. ಕಟಾವು ಯಂತ್ರ ಬಿಟ್ಟುಹೋದ ಬೈಹುಲ್ಲನ್ನು ಒಣಗಿರುವಾಗಲೇ ಮಣ್ಣಿಗೆ ಸೇರಿಸಿ, ಮಳೆ ಬರುವಷ್ಟರಲ್ಲಿ ಅದು ಅರ್ಧ ಕೊಳೆತಿರಲಿ.

ಗದ್ದೆ ಕೆಟ್ಟದ್ದು ಎಂದು ನಾನು ಒಪ್ಪುವುದಿಲ್ಲ. ಮಳೆನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಬಾವಿಗೆ ಇಳಿಸುವುದು ಗದ್ದೆಯೇ.

ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟರೆ ಇಂಗಾಲ ಜಾಸ್ತಿ ಆಗುತ್ತದಲ್ಲ, ಮರ ಅಲ್ವಾ?

ಮರದಲ್ಲಿ ಆಗುತ್ತದೆ. ಮಣ್ಣಿನಲ್ಲಿ ಸಂಶಯ. ಕಾಲಾಂತರದಿಂದ ಕೂಡಿದ ಗದ್ದೆಮಣ್ಣಿನ ಮೇಲೆ ಎಲ್ಲಿಂದಲೋ ಕಡಿದು ತಂದ ಕೆಂಪು ಮಣ್ಣು ಸುರಿಯುತ್ತೀರಿ, ಅದರಲ್ಲಿ ಇಂಗಾಲ ಬಹಳ ಕಡಿಮೆ. ಅದನ್ನು ಕಡಿದ ಗುಡ್ಡೆಯಲ್ಲೂ ನಷ್ಟ. ಗದ್ದೆಯ ನೀರು ಬಸಿದು ಗಾಳಿ ಆಡಿದ ಕೂಡಲೇ ಹಳೆಯ ಇಂಗಾಲವೂ ಕರಗಲು ಶುರುವಾಗುತ್ತದೆ. ಇಡುವವರು ಇಡುತ್ತಾರೆ, ಸಂಸಾರ ನಡೆಯಬೇಕು. ಇಂಗಾಲದ ಹೆಸರು ಹೇಳಿ ಮಾತ್ರ ಇಡಬೇಡಿ.

ಹಡಿಲು, ಅಂದರೆ ಬೇಸಾಯ ಮಾಡದೆ ಬಿಟ್ಟ ಗದ್ದೆಯ ಬಗ್ಗೆಯೂ ಕೇಳುತ್ತಾರೆ. ಹುಲ್ಲು ಬೆಳೆದು ಅಲ್ಲೇ ಬಿದ್ದು ಬೆಂಕಿ ಬೀಳದಿದ್ದರೆ ಮಣ್ಣಿನ ಇಂಗಾಲ ಕಡಿಮೆಯಾಗಲಾರದು. ಆದರೆ ಅಕ್ಕಿ ಇಲ್ಲ, ಬದು ಒಡೆದರೆ ನೀರೂ ನಿಲ್ಲುವುದಿಲ್ಲ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ಎಷ್ಟೋ ವರ್ಷದಿಂದ ಬಿದ್ದಿದ್ದ ಗದ್ದೆಗಳಲ್ಲಿ ಮತ್ತೆ ಪೈರು ಎದ್ದಿತು. ಆ ಖುಷಿಯನ್ನು ಇಂಗಾಲದ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಹಿಂದೆ ಸುಡುಮಣ್ಣು ಹಾಕುತ್ತಿದ್ದರು. ಈಗ ಬಯೋಚಾರ್ ಎನ್ನುವುದು ಅದೇನಾ?

ಹತ್ತಿರದ ನೆಂಟರು, ಒಂದೇ ಅಲ್ಲ. ಸುಡುಮಣ್ಣಿನಲ್ಲಿ ತರಗೆಲೆ, ಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನ ಸುಡುತ್ತೇವೆ. ಹುಳಿ ಸ್ವಲ್ಪ ಇಳಿಯುತ್ತದೆ, ಪೊಟ್ಯಾಶ್ ಸಿಗುತ್ತದೆ, ಒಂದಷ್ಟು ಕರಿಯೂ ಉಳಿಯುತ್ತದೆ. ಆದರೆ ಮುಚ್ಚಿದ ಮಣ್ಣಿನ ಇಂಗಾಲ ಸುಟ್ಟುಹೋಗುತ್ತದೆ. ಬಯೋಚಾರ್ ಅಂದರೆ ಗಾಳಿ ಕಡಿಮೆ ಮಾಡಿ ಗೆರಟೆ, ಕಟ್ಟಿಗೆ, ಸಿಪ್ಪೆಯನ್ನು ಪೂರ್ತಿ ಕರಿ ಮಾಡುವುದು. ಅದನ್ನು ಸೂಕ್ಷ್ಮಜೀವಿಗಳಿಗೆ ತಿನ್ನಲು ಬಹಳ ಕಷ್ಟ, ನೂರಾರು ವರ್ಷ ಉಳಿಯುತ್ತದೆ. ನಮ್ಮ ಬಿಸಿ-ಮಳೆಯ ನಾಡಿನಲ್ಲಿ ಎಲೆಯ ಇಂಗಾಲ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂಬ ತೊಂದರೆಗೆ ಇದು ಒಳ್ಳೆಯ ದಾರಿ ಎಂದು ನನಗೆ ಅನಿಸುತ್ತದೆ. ಹಟ್ಟಿಗೆ ಹಾಕಿ ಸೆಗಣಿ, ಗಂಜಲದಲ್ಲಿ ನೆನೆಸಿ ಆಮೇಲೆ ತೋಟಕ್ಕೆ ಹಾಕಿ. ಒಣ ಕರಿಯನ್ನು ನೇರ ಹಾಕಿದರೆ ಮೊದಲು ಅದೇ ಸಾರಜನಕ ಹೀರಿಕೊಳ್ಳಬಹುದು.

ಕುಚ್ಚಲಕ್ಕಿ ಮಿಲ್ಲಿನ ಉಮಿಬೂದಿಯೂ ಸಿಗುತ್ತದೆ. ಕಪ್ಪಾಗಿದ್ದರೆ ಅದರಲ್ಲಿ ಕರಿ ಇದೆ, ಬೆಳ್ಳಗಾಗಿದ್ದರೆ ಇಂಗಾಲ ಉರಿದು ಮುಗಿದಿದೆ. ಹೊಗೆ ಎದ್ದು ಊರೆಲ್ಲ ಹರಡುವ ಹಾಗೆ ಕರಿ ಮಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಉಳುಮೆ ಪೂರ್ತಿ ನಿಲ್ಲಿಸಬೇಕಾ?

ಅಡಿಕೆ, ತೆಂಗು, ಗೇರು, ರಬ್ಬರ್ ತೋಟದಲ್ಲಿ ಅಗೆತ ಕಡಿಮೆ ಮಾಡಿದಷ್ಟು ಒಳ್ಳೆಯದು. ರಬ್ಬರ್ ಗುಡ್ಡೆಯಲ್ಲಿ ಪ್ಯುರೇರಿಯಾ, ಮ್ಯೂಕುನಾ ಬಳ್ಳಿ ಬಿಟ್ಟರೆ ನೆಲವೂ ಮುಚ್ಚುತ್ತದೆ, ಸಾರಜನಕವೂ ಬರುತ್ತದೆ. ನೇಜಿ ನೆಡುವ ಗದ್ದೆಯಲ್ಲಿ ಉಳದೆ ಆಗುವುದಿಲ್ಲ. ಆದರೆ ಕಟಾವಾದ ಮೇಲೆ ಖಾಲಿ ಬಿಡದೆ ಉದ್ದು, ಹೆಸರು, ಅಲಸಂದೆ ಚೆಲ್ಲಬಹುದು.

ಇಂಗಾಲ ಏರಿದರೆ ಮಣ್ಣು ಲಕ್ಷಗಟ್ಟಲೆ ಲೀಟರ್ ನೀರು ಹಿಡಿಯುತ್ತದಂತೆ?

ಇದು ಸ್ವಲ್ಪ ಉಬ್ಬಿಸಿದ ಮಾತು. ಜಗತ್ತಿನ ಬೇರೆ ಬೇರೆ ಮಣ್ಣಿನ ಅಳತೆಗಳನ್ನು ಒಟ್ಟು ನೋಡಿದರೆ, ಇಂಗಾಲ ಪೂರ್ತಿ ಶೇ. 1 ಏರಿದರೂ 10 ಸೆಂ.ಮೀ. ಮಣ್ಣು ಗಿಡಕ್ಕೆ ಕೊಡುವ ನೀರು ಸರಾಸರಿ ಒಂದು ಮಿ.ಮೀ. ಚಿಲ್ಲರೆ ಮಾತ್ರ ಜಾಸ್ತಿಯಾಗುತ್ತದೆ. ಬೇಸಿಗೆಯಲ್ಲಿ ನಿಜವಾಗಿ ನೀರು ಉಳಿಸುವುದು ಮೇಲೆ ಹಾಸಿದ ಸೋಗೆ. ಮಳೆಗಾಲದಲ್ಲಿ ನೀರು ಹರಿದುಹೋಗದೆ ಇಂಗುವುದಕ್ಕೂ ಅದೇ ಕಾರಣ.

ನನ್ನ ಮಣ್ಣಿನಲ್ಲಿ ಹೆಚ್ಚಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ಪ್ರತಿ ಸಲ ಒಂದೇ ಕಾಲದಲ್ಲಿ, ಒಂದೇ ಆಳದಲ್ಲಿ, ಗೊಬ್ಬರ ಹಾಕುವ ಮುಂಚೆ ಮಾದರಿ ತೆಗೆಯಬೇಕು. ಗದ್ದೆಯಲ್ಲಿ 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆದು ಬದಿಯಿಂದ ತೆಳು ಪದರ ಕೆರೆದು ತೆಗೆಯಿರಿ. ತೋಟದಲ್ಲಿ 30 ಸೆಂ.ಮೀ. ವರೆಗೆ, ಸಾಧ್ಯವಾದರೆ 30ರಿಂದ 60 ಬೇರೆ ಚೀಲದಲ್ಲಿ. ಹತ್ತಾರು ಕಡೆಯಿಂದ ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೇ ಮಾಡುತ್ತಾ ಅರ್ಧ ಕಿಲೋ ಉಳಿಸಿ ನೆರಳಿನಲ್ಲಿ ಒಣಗಿಸಿ. ಬದು, ಗೊಬ್ಬರದ ರಾಶಿ ಇದ್ದ ಜಾಗ, ಮರದ ಬುಡ ಬೇಡ.

ಕಲ್ಲಿನ ವಿಷಯ ಇಲ್ಲಿ ಬರುತ್ತದೆ. ಪ್ರಯೋಗಾಲಯದವರು 2 ಮಿ.ಮೀ. ಜರಡಿಯಲ್ಲಿ ಸೋಸಿ ನುಣ್ಣಗಿನ ಮಣ್ಣನ್ನು ಮಾತ್ರ ಅಳೆಯುತ್ತಾರೆ. ನಿಮ್ಮ ಗುಡ್ಡೆಯಲ್ಲಿ ಮೂರರಲ್ಲಿ ಒಂದು ಪಾಲು ಜಂಬಿಟ್ಟಿಗೆ ಹರಳು ಇದ್ದರೆ ಕಾರ್ಡಿನ ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಎಕರೆಯಲ್ಲಿರುವ ಇಂಗಾಲ ಅಷ್ಟಿಲ್ಲ. ಇನ್ನೊಂದು, ವರ್ಷ ವರ್ಷ ಪರೀಕ್ಷೆ ಮಾಡಿ ಶೇ. 0.05 ಏರಿತು ಎಂದು ಖುಷಿಪಡಬೇಡಿ, ಒಂದೇ ತೋಟದ ಎರಡು ಮೂಲೆಯಲ್ಲೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಮೂರು-ಐದು ವರ್ಷಕ್ಕೊಮ್ಮೆ ಸಾಕು.

ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತದಾ?

ಗಾಳಿಯಿಂದ ಇಳಿಸಿದ ಇಂಗಾಲದ ಲೆಕ್ಕವನ್ನು ಹೊಗೆ ಬಿಡುವ ಕಂಪನಿಗಳಿಗೆ ಮಾರುವುದೇ ಈ ವ್ಯಾಪಾರ, ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈ ಆಕ್ಸೈಡ್. ಮೇಲಿನ ಅಡಿಕೆ ತೋಟದ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ 90 ಕಿಲೋ ಇಂಗಾಲ, ಅಂದರೆ ಒಂದು ಕ್ರೆಡಿಟಿನ ಮೂರನೇ ಒಂದು ಪಾಲು. ಅಳೆಯುವುದಕ್ಕೆ, ಪರಿಶೀಲಿಸುವುದಕ್ಕೆ, ದಾಖಲೆಗೆ ಆಗುವ ಖರ್ಚು ಒಂದೆರಡು ಎಕರೆಯವರಿಗೆ ಇದರಿಂದ ಹುಟ್ಟುವುದಿಲ್ಲ. ನೂರಾರು ಕೃಷಿಕರು ಸೇರಿದರೆ ಮಾತ್ರ ಏನಾದರೂ ಆಗಬಹುದು.

ಇನ್ನೂ ಒಂದು ತೊಡಕಿದೆ. ನೀವು ಮೊದಲಿನಿಂದಲೇ ಸೋಗೆ ಹಾಸುತ್ತಿದ್ದರೆ ಅದಕ್ಕೆ ಕ್ರೆಡಿಟ್ ಇಲ್ಲ. ಯೋಜನೆಯಿಂದಾಗಿ ಹೊಸದಾಗಿ ಏರಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ತಲೆತಲಾಂತರದಿಂದ ಮಣ್ಣನ್ನು ಚೆನ್ನಾಗಿ ನೋಡಿಕೊಂಡವರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಸರಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನು ಪ್ರಕಟಿಸಿತು. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃಷಿಯಲ್ಲಿ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟು ಕೊಟ್ಟಿತು. ದಾರಿ ತೆರೆಯುತ್ತಿದೆ, ಆದರೆ ಸಹಿ ಹಾಕುವ ಮುಂಚೆ ಕೇಳಲೇಬೇಕಾದದ್ದು ಇದೆ. ಒಪ್ಪಂದ ಎಷ್ಟು ವರ್ಷಕ್ಕೆ? ನಡುವೆ ಬೆಳೆ ಬದಲಾಯಿಸಬಹುದಾ? ಜಾಗ ಮಾರಿದರೆ, ಮನೆಯಲ್ಲಿ ಪಾಲಾದರೆ ಯಾರು ಹೊಣೆ? ಇಂಗಾಲ ಇಳಿದರೆ ದುಡ್ಡು ವಾಪಸ್ ಕೊಡಬೇಕಾ? ಅಳೆಯುವ ಖರ್ಚು ಯಾರದ್ದು, ಮಾರಿದ ಬೆಲೆಯಲ್ಲಿ ನಮ್ಮ ಪಾಲು ಎಷ್ಟು? ಒಪ್ಪಂದದ ಪ್ರತಿ ಕನ್ನಡದಲ್ಲಿ ಕೇಳಿ. ಕೊಡದಿದ್ದರೆ ಸಹಿ ಹಾಕಬೇಡಿ.

ಮಣ್ಣಿನಲ್ಲಿ ಇಂಗಾಲ ಇಟ್ಟರೆ ಹವಾಮಾನ ಬದಲಾವಣೆ ನಿಲ್ಲುತ್ತದಾ?

ಅದೊಂದರಿಂದಲೇ ಇಲ್ಲ. 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಫ್ರಾನ್ಸ್ ಮುಂದೆ ನಿಂತು, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಏರಿಸೋಣ ಎಂಬ ಕರೆ ಕೊಟ್ಟಿತು. ಭಾರತ ಮೂಲದ ಮಣ್ಣು ವಿಜ್ಞಾನಿ ರತನ್ ಲಾಲ್ ಅವರಿಗೆ 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂದದ್ದು ಮಣ್ಣಿನ ಇಂಗಾಲದ ಕೆಲಸಕ್ಕೇ. ಆದರೂ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಕಡಿಮೆಯಾಗದೆ ಮಣ್ಣು ಒಂದೇ ಎಲ್ಲವನ್ನೂ ಹೊರಲಾರದು. ಆ ಹೊರೆಯನ್ನು ಕೃಷಿಕರ ತಲೆಗೆ ಕಟ್ಟುವುದೂ ಸರಿಯಲ್ಲ.

ಇಲ್ಲಿ ಯಾರನ್ನು ಕೇಳಬಹುದು?

ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಮತ್ತು ಅಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರ, ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ. ಅಡಿಕೆ, ಕೊಕ್ಕೋಗೆ ವಿಟ್ಲದ ಸಂಶೋಧನಾ ಕೇಂದ್ರ, ಗೇರಿಗೆ ಪುತ್ತೂರು. ಮಣ್ಣು ಪರೀಕ್ಷೆಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಹಳೆಯ ಮಣ್ಣು ಪರೀಕ್ಷೆಯ ಕಾರ್ಡು ಇದ್ದರೆ ಮರೆಯದೆ ತೆಗೆದುಕೊಂಡು ಹೋಗಿ, ಮಾದರಿಯ ಚೀಲದ ಮೇಲೆ ಸರ್ವೆ ನಂಬರ್, ಬೆಳೆ, ಎಷ್ಟು ಆಳದ್ದು ಎಂಬುದನ್ನು ಬರೆಯಿರಿ.